ಮಧ್ಯಾಹ್ನ ಮೂರು ಗಂಟೆಯ ವಾರ್ಡು

"ಮೂರು ತಿಂಗಳ ಮೀಟಿಂಗಿನ ನಡಾವಳಿ ಬೇಕು ಮೇಡಂ. ನೀವೇ ಕೂತು ಬರೆದುಬಿಡಿ. ಪೆನ್ನು ಮಾತ್ರ ಬೇರೆ ಬೇರೆ ಇರಲಿ."

ನಮ್ಮ ಮ್ಯಾನೇಜರು ಇದನ್ನು ಹೇಳಿದ್ದು ಟೀಗೆ ಬಿಸ್ಕತ್ತು ಅದ್ದಿಕೊಳ್ಳುತ್ತಾ, ಊಟಕ್ಕೆ ಉಪ್ಪಿನಕಾಯಿ ಕೇಳುವಷ್ಟು ಸಲೀಸಾಗಿ. ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿದೆ ನಮ್ಮ ಆರೈಕೆ ಕೇಂದ್ರ. ಹಾಸಿಗೆ ಹಿಡಿದವರು, ನೆನಪು ಕೆಟ್ಟವರು, ಮನೆಯಲ್ಲಿ ನೋಡಿಕೊಳ್ಳಲು ಆಗದವರು ಇಲ್ಲಿರುತ್ತಾರೆ. ಸುತ್ತಲಿನ ಜನ ಇದನ್ನು ಆಶ್ರಮ ಎನ್ನುತ್ತಾರೆ. ನಾನು ಇಲ್ಲಿಯ ಆಪ್ತಸಮಾಲೋಚಕಿ. ಸೇರಿಸಿಕೊಳ್ಳುವಾಗ ಕಾಗದಪತ್ರ ಮಾಡಿಸುವುದು, ಮನೆಯವರೊಂದಿಗೆ ಮಾತಾಡುವುದು, ವರದಿ ಬರೆಯುವುದು ನನ್ನ ಕೆಲಸ. ಗುಣಮಟ್ಟದ ಪ್ರಮಾಣಪತ್ರ ಕೊಡುವವರು ತಪಾಸಣೆಗೆ ಬರುವವರಿದ್ದರು. ಅವರ ಪಟ್ಟಿಯಲ್ಲಿ 'ಕುಟುಂಬ ಮಂಡಳಿ' ಎಂದಿತ್ತು. ಇಲ್ಲಿರುವವರ ಮನೆಯವರು ತಿಂಗಳಿಗೊಮ್ಮೆ ಸೇರಿ ಆರೈಕೆಯ ಬಗ್ಗೆ ಮಾತಾಡಬೇಕು, ಅವರು ಕೇಳಿದ್ದಕ್ಕೆ ಆಡಳಿತ ಲಿಖಿತವಾಗಿ ಉತ್ತರ ಕೊಡಬೇಕು. ನಮ್ಮಲ್ಲಿ ಆ ಹೆಸರಿನ ಬೋರ್ಡು ಇತ್ತು, ಮಂಡಳಿ ಇರಲಿಲ್ಲ.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. "ಸುಳ್ಳು ನಡಾವಳಿ ನಾನು ಬರೆಯಲ್ಲ ಸರ್. ತಪಾಸಣೆ ಮುಂದಕ್ಕೆ ಹಾಕಿಸಿ, ನಿಜವಾಗಿಯೇ ಮಂಡಳಿ ಮಾಡ್ತೀನಿ" ಎಂದುಬಿಟ್ಟೆ. ಅವರು ಬಿಸ್ಕತ್ತು ನುಂಗಿ, "ಮಾಡಿ, ಬೇಡ ಅಂದವರ್ಯಾರು?" ಎಂದರು. ಆಮೇಲೆ ಎಷ್ಟೋ ಸಲ ಅನಿಸಿದೆ, ಅವತ್ತು ನಾಲಿಗೆ ಕಚ್ಚಿಕೊಂಡಿದ್ದರೆ ಚೆನ್ನಾಗಿತ್ತೇನೋ ಎಂದು.

ಮೊದಲ ಎಡವಟ್ಟು ಫೋನಿನಲ್ಲೇ ಆಯಿತು. ನಮ್ಮ ನಂಬರಿನಿಂದ ಕರೆ ಹೋದರೆ ಮನೆಯವರಿಗೆ ಗೊತ್ತಿದ್ದ ಅರ್ಥ ಒಂದೇ. "ಯಾವಾಗ ಹೋಯ್ತು ಮೇಡಂ ಜೀವ?" ಎಂದೇ ಒಬ್ಬರು ಮಾತು ಶುರು ಮಾಡಿದರು. ಇನ್ನೊಬ್ಬರು ನಾನು ಬಾಯಿ ಬಿಡುವ ಮುಂಚೆಯೇ ಅಳತೊಡಗಿ, ಬರೀ ಮೀಟಿಂಗ್ ಎಂದು ಗೊತ್ತಾದ ಮೇಲೆ ನನಗೇ ಬೈದರು. ಮೂರನೇ ಕರೆಯಿಂದ "ಎಲ್ಲರೂ ಚೆನ್ನಾಗಿದ್ದಾರೆ, ಗಾಬರಿಯಾಗಬೇಡಿ" ಎಂದೇ ಆರಂಭಿಸಿದೆ. ಹಾಗೆ ಹೇಳಿ ಹೇಳಿ ಸಂಜೆಯ ಹೊತ್ತಿಗೆ ಆ ಮಾತು ನನಗೇ ಸುಳ್ಳೆನಿಸತೊಡಗಿತು. ಯಾಕೆಂದು ಆಗ ಗೊತ್ತಿರಲಿಲ್ಲ.

ಮೊದಲ ಸಭೆಗೆ ಬಂದವರು ಐದು ಜನ. ಊಟದ ಹಾಲಿನಲ್ಲಿ ಕುರ್ಚಿಗಳನ್ನು ದುಂಡಗೆ ಇಡಿಸಿದ್ದೆ. ಅವರು ತಂತಮ್ಮ ಕುರ್ಚಿಯನ್ನು ಎಳೆದುಕೊಂಡು ಗೋಡೆಗೆ ಒತ್ತಿ ಕುಳಿತರು. ನಮ್ಮ ಕಡೆ ಅಪ್ಪ ಅಮ್ಮನನ್ನು ಇಂಥ ಕಡೆ ಬಿಟ್ಟಿರುವುದನ್ನು ಯಾರೂ ಹೇಳಿಕೊಳ್ಳುವುದಿಲ್ಲ. ಜಂಗಮಕೋಟೆ ಕಡೆಯಿಂದ ಬಂದ, ರೇಷ್ಮೆ ಹುಳು ಸಾಕುವವರೊಬ್ಬರು ಬಾಗಿಲ ಪಕ್ಕ ಕೂತಿದ್ದರು. ಸೊಂಟ ಮುರಿದ ತಾಯಿಯನ್ನು ಇಲ್ಲಿಗೆ ಸೇರಿಸಿದ್ದರು. ಕೊನೆಗೆ ಬಂದವರು ಅಂಬಾಜಿದುರ್ಗದ ತಪ್ಪಲಿನ ಹಳ್ಳಿಯೊಂದರ ಹಾಲಿನ ಡೇರಿ ಕಾರ್ಯದರ್ಶಿ. ಅವರ ತಂದೆಗೆ ನೆನಪು ಕೆಟ್ಟು ಎರಡು ವರ್ಷ. ಇಬ್ಬರೂ ಮುಖ ನೋಡಿಕೊಂಡರು. ನೋಡಿದರೆ ಬೀಗರು! ಡೇರಿಯವರ ಮಗಳನ್ನು ಹುಳು ಸಾಕುವವರ ಅಣ್ಣನ ಮನೆಗೆ ಕೊಟ್ಟಿದೆ.

"ಏನ್ ಬೀಗ್ರೇ, ಅಮ್ಮ ಹೊಸಕೋಟೇಲಿ ಮಗಳ ಮನೇಲವ್ರೆ, ಕಣ್ಣಿಗೆ ತೋರಿಸ್ತಾ ಇದೀವಿ ಅಂದಿದ್ರಿ?" ಎಂದರು ಡೇರಿಯವರು.

"ನಿಮ್ಮಪ್ಪ ಚಿಕ್ಕಬಳ್ಳಾಪುರದಲ್ಲಿ ತಮ್ಮನ ಮನೇಲಿ ಆರಾಮಾಗವ್ರೆ ಅಂದೋರು ನೀವಲ್ವಾ?" ಎಂದರು ಇವರು.

ಉಳಿದವರು ನಕ್ಕರು. ಬೀಗರಿಬ್ಬರೂ ನಗಲಿಲ್ಲ. ಒಂದೇ ವಾರ್ಡಿನಲ್ಲಿ, ಅರ್ಧಗೋಡೆಯ ಈಚೆ ಎಂಟು ಹೆಂಗಸರಲ್ಲಿ ಒಬ್ಬರ ತಾಯಿ, ಆಚೆ ಆರು ಗಂಡಸರಲ್ಲಿ ಇನ್ನೊಬ್ಬರ ತಂದೆ. ಎಂಟು ತಿಂಗಳಿಂದ ಇಬ್ಬರೂ ಬೇರೆ ಬೇರೆ ಭಾನುವಾರ ಬಂದು ಹೋಗುತ್ತಿದ್ದರು.

ಆ ದಿನ ಇನ್ನೊಂದು ತಪ್ಪು ನನ್ನದು. ಮ್ಯಾನೇಜರಿಗೂ ಒಂದು ಕುರ್ಚಿ ಹಾಕಿಸಿದ್ದೆ. ಅವರ ಎದುರು ಎಲ್ಲರ ಬಾಯಿಗೂ ಬೀಗ ಬಿತ್ತು. "ಅಂತಾ ಬಾಗುಂದಿ ಸಾರ್" ಎಂದು ಒಬ್ಬರು ತೆಲುಗಿನಲ್ಲೂ "ಎಲ್ಲಾ ಚೆನ್ನಾಗೈತೆ" ಎಂದು ಮಿಕ್ಕವರು ಕನ್ನಡದಲ್ಲೂ ಹೇಳಿ ಎದ್ದರು. ನಡಾವಳಿ ಪುಸ್ತಕದಲ್ಲಿ ನಾಲ್ಕು ಸಾಲು ಬರೆದೆ. ಸುಳ್ಳು ಬರೆಯುವುದಿಲ್ಲ ಎಂದವಳು ಬರೆದದ್ದು ಅದನ್ನೇ.

ಮುಂದಿನ ತಿಂಗಳು ಸಭೆಯನ್ನು ಹಿತ್ತಲಲ್ಲಿ, ಬಟ್ಟೆ ಒಣಗಿಸುವ ಜಾಗದಲ್ಲಿ ಇಟ್ಟೆ. ಮ್ಯಾನೇಜರಿಗೆ, "ಮನೆಯವರು ಮಾತ್ರ ಕೂರಬೇಕು ಅಂತ ನಿಯಮ ಇದೆ ಸರ್" ಎಂದೆ. ಒಂಬತ್ತು ಮನೆಯವರು ಬಂದರು. ತೊಂಡೇಬಾವಿಯಿಂದ ಎರಡು ಬಸ್ಸು ಬದಲಾಯಿಸಿ ಒಬ್ಬ ಅಂಗನವಾಡಿ ಟೀಚರ್ ಬಂದಿದ್ದರು. ಅವರ ಗಂಡನಿಗೆ ಲಕ್ವ. ಅರ್ಧ ಗಂಟೆ ದೋಸೆ, ಚಟ್ನಿ, ಸೊಳ್ಳೆಯ ಮಾತಾಯಿತು. ಆಮೇಲೆ ಜಂಗಮಕೋಟೆಯವರು ಜೇಬಿನಿಂದ ಒಂದು ಪುಟ್ಟ ನೋಟ್‌ಬುಕ್ಕು ತೆಗೆದರು.

"ತಪ್ಪು ತಿಳ್ಕೋಬೇಡಿ ಮೇಡಂ. ನಮ್ಮೋರು ಹುಳ ಜ್ವರಕ್ಕೆ ಕೂತಂಗೆ ಕೂತವ್ರೆ."

ರೇಷ್ಮೆ ಹುಳು ಚರ್ಮ ಕಳಚುವ ಮುಂಚೆ ಮೇವು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಒಂದು ದಿನ ಕೂರುತ್ತದೆ. ಇಲ್ಲಿಯ ರೈತರು ಅದನ್ನು ಜ್ವರ ಎನ್ನುತ್ತಾರೆ. ಅಂಗನವಾಡಿ ಟೀಚರ್ "ಅಂದ್ರೆ ಏನಣ್ಣ?" ಎಂದು ಕೇಳಿದರು.

"ಸಾವಿರಾರು ಹುಳ ಒಂದೇ ಹೊತ್ತಿಗೆ ಯಾಕೆ ಕೂರ್ತವೆ ಹೇಳಮ್ಮ? ಒಂದೇ ಹೊತ್ತಿಗೆ ಮೊಟ್ಟೆ ಒಡೆದವು, ಒಂದೇ ಹೊತ್ತಿಗೆ ನಾವು ಸೊಪ್ಪು ಹಾಕಿರ್ತೀವಿ, ಅದಕ್ಕೆ. ಮನುಷ್ಯರು ಹಂಗಲ್ಲ. ಒಬ್ರು ಮಲಗಿದ್ರೆ ಇನ್ನೊಬ್ರು ಎದ್ದಿರ್ತಾರೆ, ಒಬ್ರು ಗೊಣಗ್ತಾರೆ. ಇಲ್ಲಿ ಮಧ್ಯಾಹ್ನ ಮೂರಕ್ಕೆ ಬಂದ್ರೆ ಹದಿನಾಲ್ಕು ಜನಾನೂ ಒಂದೇ ಸಮ. ಐದು ಸಲ ಬರ್ದಿಟ್ಟಿದೀನಿ. ಐದು ಸಲಾನೂ ಅಂಗೇ."

ಮನೆಯಲ್ಲಿ ಹುಳುವಿನ ಮೇವು, ಬಿಸಿ, ತೇವ ಬರೆಯುವ ಪುಸ್ತಕ ಅದು. ಅದರದೇ ಚೌಕಗಳೊಳಗೆ ತಾಯಿಯ ಸ್ಥಿತಿಯನ್ನು ಬರೆದಿದ್ದರು. ಮೂರು ಗಂಟೆ, ನಿದ್ದೆ, ಕರೆದರೆ ಹೂಂ ಅನ್ನಲ್ಲ, ಬಾಯಿ ಒಣಗಿದೆ. ಐದು ಗಂಟೆ, ಅರೆನಿದ್ದೆಯಲ್ಲೇ ಗಂಜಿ, ಕೆಮ್ಮು.

"ಜ್ವರಕ್ಕೆ ಕೂತ ಹುಳಕ್ಕೆ ನಾವು ಸೊಪ್ಪು ಹಾಕಲ್ಲ ಮೇಡಂ. ಎದ್ದ ಮೇಲೇನೇ ಹಾಕೋದು. ಇಲ್ಲಿ ನಮ್ಮಮ್ಮ ಏಳೋಕೆ ಮುಂಚೇನೇ ಬಾಯಿಗೆ ಚಮಚ ಇಡ್ತಾರೆ."

ವಯಸ್ಸಾದವರು, ಬಿಸಿಲು, ಊಟವಾದ ಮೇಲೆ ಮಂಪರು ಸಹಜ ಎಂದೆಲ್ಲ ಸಮಜಾಯಿಷಿ ಕೊಟ್ಟೆ. ಅವರು ತಲೆಯಾಡಿಸಿ ನೋಟ್‌ಬುಕ್ಕು ಜೇಬಿಗೆ ಹಾಕಿಕೊಂಡರು. ಮರುದಿನ ಮೂರು ಗಂಟೆಗೆ ವಾರ್ಡಿನ ಬಾಗಿಲಲ್ಲಿ ನಿಂತೆ. ಹದಿನಾಲ್ಕು ಮಂಚ. ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಆ ನಿಶ್ಶಬ್ದದಲ್ಲಿ ನಾನು ಎರಡು ವರ್ಷ ಕೂತು ವರದಿ ಬರೆದಿದ್ದೆ. ನನಗೆ ಅದು ಇಷ್ಟವಾಗಿತ್ತು. ಆ ತಾಯಿಯ ಹತ್ತಿರ ಹೋಗಿ ಕೆನ್ನೆ ತಟ್ಟಿದೆ. ಕಣ್ಣು ಅರೆ ತೆರೆದು ಹಾಗೇ ಮುಚ್ಚಿತು.

ಒಂದು ಹಾಳೆ ತಯಾರಿಸಿದೆ. ಬಂದ ವೇಳೆ, ಎಚ್ಚರವೇ, ಹೆಸರು ಹಿಡಿದು ಕರೆದರೆ ಉತ್ತರವೇ, ಮಾತು ತೊದಲುತ್ತದೆಯೇ, ನುಂಗುವಾಗ ಕೆಮ್ಮುತ್ತಾರೆಯೇ. ಇಷ್ಟೇ ಐದು ಪ್ರಶ್ನೆ. ಒಂಬತ್ತು ಮನೆಗೂ ಕೊಟ್ಟು, ಭಾನುವಾರ ಬಿಟ್ಟು ಬೇರೆ ದಿನವೂ, ಬೇರೆ ಬೇರೆ ಹೊತ್ತಿನಲ್ಲಿ ಬನ್ನಿ ಎಂದೆ. ಹೇಳುವುದು ಸುಲಭ. ಹುಳು ಸಾಕುವವರು ಕೊನೆಯ ಹಂತದಲ್ಲಿ ಹುಳು ಮನೆ ಬಿಟ್ಟು ಬರುವುದಿಲ್ಲ. ಬಂದರೂ ನಮ್ಮ ಫಿನಾಯಿಲ್ ವಾಸನೆ ಮೈಗೆ ಹತ್ತಿದರೆ ಹುಳಕ್ಕೆ ಕೆಡುಕು ಎಂದು ಹೊರಗೇ ಸ್ನಾನ ಮಾಡಿ ಒಳಗೆ ಹೋಗಬೇಕು. ಟೀಚರಮ್ಮನಿಗೆ ರಜೆ ಸಿಗದು. ಒಬ್ಬರು ಹಾಳೆಯನ್ನು ಮಳೆಯಲ್ಲಿ ನೆನೆಸಿದರು, ಇನ್ನೊಬ್ಬರು ಎಲ್ಲಕ್ಕೂ 'ಚೆನ್ನಾಗಿದೆ' ಎಂದೇ ತುಂಬಿದರು. ಆದರೂ ಉಳಿದವರ ಆರು ವಾರದ ಹಾಳೆಗಳನ್ನು ಊಟದ ಮೇಜಿನ ಮೇಲೆ ವೇಳೆಯ ಪ್ರಕಾರ ಹರಡಿದಾಗ ಅನುಮಾನಕ್ಕೆ ಜಾಗ ಉಳಿಯಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಮಾತಾಡಿದವರು ಒಂದೂವರೆಯಿಂದ ಐದರವರೆಗೆ ಮಾತಾಡಿರಲಿಲ್ಲ. ಯಾರ ಹಾಳೆಯಲ್ಲೂ. ಯಾವ ದಿನವೂ.

ವಾರ್ಡಿನ ನರ್ಸನ್ನು ಕೇಳಿದೆ. ನನಗಿಂತ ಚಿಕ್ಕವಳು, ಒಳ್ಳೆಯ ಕೈಗುಣದವಳು. ಅವಳು ಔಷಧಿ ಟ್ರೇ ಒರೆಸುತ್ತಲೇ ಇದ್ದಳು.

"ನಾಲ್ಕು ಆಯಾ ಇದ್ರು ಮೇಡಂ. ಇಬ್ರು ಗಾರ್ಮೆಂಟ್ಸಿಗೆ ಹೋದ್ರು. ಊಟ ಆದ್ಮೇಲೆ ಹದಿನಾಲ್ಕು ಜನಕ್ಕೆ ಇಬ್ರು. ಒಬ್ರು ಮಂಚದಿಂದ ಬಿದ್ರೆ ಯಾರನ್ನ ಕೇಳ್ತೀರಾ ನೀವು? ನನ್ನನ್ನೇ ಅಲ್ವಾ?"

"ಹಾಗಂತ ಮಂಪರು ಮಾತ್ರೆ ಕೊಡೋದಾ?"

"ನಾನಾಗಿ ಕೊಟ್ಟಿಲ್ಲ. 'ಅಗತ್ಯವಿದ್ದರೆ' ಅಂತ ಡಾಕ್ಟ್ರು ಬರ್ದಿದಾರೆ. ಮನೆಯವರ ಒಪ್ಪಿಗೆ ಇದೆ. ನಿಮ್ಮ ಫೈಲ್ ನೀವೇ ನೋಡಿ ಮೇಡಂ."

ನೋಡಿದೆ. ಸೇರಿಸಿಕೊಳ್ಳುವ ಅರ್ಜಿಯ ಮೂರನೇ ಪುಟ, ಕೊನೆಯ ಸಾಲು. 'ಅಗತ್ಯವಿದ್ದಲ್ಲಿ ಸಮಾಧಾನಕ್ಕಾಗಿ ಔಷಧಿ ನೀಡಲು ಒಪ್ಪಿಗೆ ಇದೆ.' ಕೆಳಗೆ ಮನೆಯವರ ಸಹಿ, ಅದರ ಪಕ್ಕ 'ವಿವರಿಸಿದವರು' ಎಂಬಲ್ಲಿ ನನ್ನ ಸಹಿ. ಹದಿನಾಲ್ಕು ಫೈಲಿನಲ್ಲೂ. ಆಗ ನಾನು ವಿವರಿಸಿದ್ದು ಹೇಗೆಂದು ಚೆನ್ನಾಗಿ ನೆನಪಿದೆ. "ಇದು ಮಾಮೂಲಿ, ಇಲ್ಲೊಂದು ಸೈನ್ ಹಾಕಿ" ಎಂದಿದ್ದೆ. ಅಳುತ್ತಿದ್ದವರ ಕೈಗೆ ಪೆನ್ನು ಕೊಟ್ಟಿದ್ದೆ. ಯಾವಾಗಲೋ ಒಮ್ಮೆ ಬೇಕಾದೀತು ಎಂದು ಬರೆದ ಮಾತ್ರೆ ದಿನವೂ ಬೇಕಾಗಿಬಿಟ್ಟಿತ್ತು, ನನಗೆ ಅದು ಗೊತ್ತಾಗಲೇ ಇಲ್ಲ.

ವಾರಕ್ಕೊಮ್ಮೆ ಬರುವ ಡಾಕ್ಟರಿಗೆ ಹಾಳೆಗಳನ್ನು ತೋರಿಸಿದೆ. ದಿನವೂ ಕೊಡುತ್ತಿರುವುದು ಅವರಿಗೂ ಗೊತ್ತಿರಲಿಲ್ಲವಂತೆ. ಜಂಗಮಕೋಟೆಯ ತಾಯಿಯ ಎದೆಗೆ ಸ್ಟೆತಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. "ಎರಡು ಸಲ ಜ್ವರ ಬಂದಿದ್ದು ಇದರಿಂದಲೇ ಇರಬೇಕು. ಅರೆನಿದ್ದೆಯಲ್ಲಿ ಗಂಜಿ ಶ್ವಾಸಕೋಶಕ್ಕೆ ಇಳಿದಿದೆ. ಹೀಗೇ ಆದರೆ ಇವರು ಉಳಿಯಲ್ಲ" ಎಂದರು.

ಮೂರನೇ ಸಭೆಯಲ್ಲಿ ಎಲ್ಲವನ್ನೂ ಹೇಳಿದೆ. ನನ್ನ ಸಹಿಯ ವಿಷಯವನ್ನೂ ಹೇಳಿದೆ. ಯಾರೂ ಬೈಯಲಿಲ್ಲ, ಅದೇ ಕಷ್ಟವಾಯಿತು. ಒಬ್ಬ ಹೆಂಗಸು ಸೆರಗಿನ ತುದಿ ಕಚ್ಚಿಕೊಂಡು ಕೂತರು.

"ಕಂಪ್ಲೇಂಟ್ ಕೊಡಣ" ಎಂದರು ಯಾರೋ.

"ಕೊಟ್ರೆ ನಿಮ್ಮೋರನ್ನ ಕರ್ಕೊಂಡ್ ಹೋಗಿ ಅಂತಾರೆ. ಎಲ್ಲಿಗ್ ಕರ್ಕೊಂಡ್ ಹೋಗ್ತೀರಿ?" ಎಂದರು ಡೇರಿ ಕಾರ್ಯದರ್ಶಿ. ಆ ಪ್ರಶ್ನೆ ಎಲ್ಲರಿಗೂ ಬಿಸಿ ತುಪ್ಪವಾಗಿತ್ತು, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ದಾರಿ ತೋರಿಸಿದ್ದು ತೊಂಡೇಬಾವಿಯ ಟೀಚರಮ್ಮ. "ಮಾತ್ರೆ ನಿಲ್ಸಿ ಅಂದ್ರೆ ಆಳಿಲ್ಲ ಅಂತಾರೆ. ಸರಿ, ಆಳು ನಾವೇ ಆಗಣ. ಕಳೆ ಕೀಳೋಕೆ ಮುಯ್ಯಾಳು ಹೋಗಲ್ವಾ, ಅಂಗೆ. ಇವತ್ತು ನಾನು ನಿಮ್ಮಮ್ಮನ ಹತ್ರ ಕೂರ್ತೀನಿ, ನಾಳೆ ನೀವು ನಮ್ಮೆಜಮಾನ್ರ ಹತ್ರ ಕೂರಿ."

ಮುಯ್ಯಾಳೆಂದರೆ ಎಲ್ಲರಿಗೂ ಗೊತ್ತು. ಕೂಲಿಯಿಲ್ಲ, ಒಬ್ಬರ ಹೊಲಕ್ಕೆ ಇನ್ನೊಬ್ಬರು ದುಡಿದು ತೀರಿಸಿಕೊಳ್ಳುವ ಹಳೆಯ ಪದ್ಧತಿ. ಹತ್ತು ನಿಮಿಷದಲ್ಲಿ ವಾರದ ಪಟ್ಟಿ ಆಯಿತು. ದಿನಕ್ಕೆ ಇಬ್ಬರು, ಒಂದೂವರೆಯಿಂದ ಐದೂವರೆ. ಹುಳು ಸಾಕುವವರಿಗೆ ಬುಧವಾರ. ಅವರನ್ನೇ ಮಂಡಳಿಯ ಅಧ್ಯಕ್ಷರನ್ನಾಗಿ, ನಡಾವಳಿ ಬರೆಯುವ ನನ್ನನ್ನು ಕಾರ್ಯದರ್ಶಿಯನ್ನಾಗಿ ಮಾಡಿದರು.

ಪಟ್ಟಿ ಹಿಡಿದು ಮ್ಯಾನೇಜರ ಬಳಿ ಹೋದಾಗ ಜಗಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಅವರು ಓದಿ ನಗುತ್ತಾ, "ಬಹಳ ಒಳ್ಳೇದು ಮೇಡಂ. ಮಾಡಲಿ. ಎಷ್ಟು ದಿನ ಮಾಡ್ತಾರೋ ನೋಡೋಣ" ಎಂದರು. ಅವರು ಬೇಡ ಎಂದಿದ್ದರೆ ಧೈರ್ಯ ಬರುತ್ತಿತ್ತು. ಆ ನಗು ನೋಡಿ ಮೊದಲ ಸಲ ಹೆದರಿದೆ. ಹತ್ತು ವರ್ಷದಿಂದ ಇಂಥ ಮನೆಯವರನ್ನು ನೋಡಿದವರು ಅವರು.

ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸುವ ಹಾಗಿಲ್ಲ. ಡಾಕ್ಟರು ಮೂರು ವಾರದಲ್ಲಿ ಅರ್ಧ, ಕಾಲು ಎಂದು ಇಳಿಸಿದರು. ನರ್ಸು ಮುಯ್ಯಿಗೆ ಬಂದವರಿಗೆ ಉಣಿಸುವುದನ್ನು ಕಲಿಸಿದಳು. ಬೆನ್ನಿಗೆ ದಿಂಬು ಕೊಟ್ಟು ನೇರ ಕೂರಿಸಬೇಕು, ಗದ್ದ ಸ್ವಲ್ಪ ತಗ್ಗಿರಬೇಕು, ಅರ್ಧ ಚಮಚ, ನುಂಗಿದ್ದು ಗಂಟಲಲ್ಲಿ ಕಂಡ ಮೇಲೆ ಇನ್ನರ್ಧ, ಆಮೇಲೆ ಅರ್ಧ ಗಂಟೆ ಮಲಗಿಸಬಾರದು. ಜಂಗಮಕೋಟೆಯವರು ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ತಾಯಿಯ ಕೆಮ್ಮು ನಿಂತಿತು. ಜ್ವರ ಮತ್ತೆ ಬರಲಿಲ್ಲ. ನಾವು ಗೆದ್ದೆವೆಂದೇ ಎಣಿಸಿದ್ದೆ.

ನಾಲ್ಕನೇ ವಾರ ವಾರ್ಡು ಎದ್ದಿತು.

ಅದನ್ನು ಹೇಗೆ ಹೇಳಲಿ? ಡೇರಿ ಕಾರ್ಯದರ್ಶಿಯ ತಂದೆ ಒಂದೂವರೆಗೆ ಶುರು ಮಾಡಿದರೆ ಐದರವರೆಗೆ ಹಸುಗಳನ್ನು ಕರೆಯುತ್ತಿದ್ದರು. ಎಂದೋ ಸತ್ತ ಹಸುಗಳ ಹೆಸರು ಹಿಡಿದು, ಹೊಲದಾಚೆಗೆ ಕೇಳುವಷ್ಟು ಗಟ್ಟಿಯಾಗಿ. ಒಬ್ಬ ಹೆಂಗಸು ಬಾಗಿಲತ್ತ ತೆವಳುತ್ತಿದ್ದರು. ಟೀಚರಮ್ಮನ ಗಂಡ ಮಾತು ಬಾರದೆ ಬರೀ ಅಳುತ್ತಿದ್ದರು, ಕೈ ಹಿಡಿದರೆ ಬಿಡುತ್ತಿರಲಿಲ್ಲ. ನಿದ್ದೆಯ ಅಡಿಯಲ್ಲಿ ಇಷ್ಟೆಲ್ಲ ಇತ್ತು. ನಾವು ಮುಚ್ಚಳ ತೆಗೆದಿದ್ದೆವು.

ಜಂಗಮಕೋಟೆಯ ತಾಯಿ ಕಿರುಚಲಿಲ್ಲ. ಅವರಿಗೆ ನೆನಪು ತಿಳಿಯಾಯಿತು, ಅದೇ ಆಪತ್ತಾಯಿತು. ಮುಯ್ಯಿಗೆ ಬಂದವರನ್ನೆಲ್ಲ ಹತ್ತಿರ ಕೂರಿಸಿಕೊಂಡು, ಮೆಲುದನಿಯಲ್ಲಿ ಒಂದೇ ಕಥೆ ಹೇಳುತ್ತಿದ್ದರು. "ಕಣ್ಣು ಡಾಕ್ಟ್ರಿಗೆ ತೋರಿಸ್ಕೊಂಡ್ ಬರಣ ನಡಿಯಮ್ಮ ಅಂತ ಕರ್ಕೊಂಡ್ ಬಂದ ನನ್ ಮಗ. ಹೊಸ ಸೀರೆ ಉಡಿಸಿದ. ಕಾರಲ್ಲಿ ಬಾಳೆಹಣ್ಣು ಕೊಟ್ಟ. ಇಲ್ಲಿ ಇಳಿಸಿ, ಚೀಟಿ ಮಾಡಿಸ್ಕೊಂಡ್ ಬರ್ತೀನಿ ಅಂತ ಹೋದೋನು ಬರ್ಲೇ ಇಲ್ಲ." ಸೋಮವಾರದವರಿಗೂ ಇದೇ, ಮಂಗಳವಾರದವರಿಗೂ ಇದೇ. ಗುರುವಾರ ಬೀಗರ ಸರದಿ, ಅವರಿಗೂ ಇದೇ. ಮಂಡಳಿಯ ಒಂಬತ್ತೂ ಮನೆಯವರಿಗೆ ಅಧ್ಯಕ್ಷರು ತಾಯಿಗೆ ಹೇಳಿದ ಸುಳ್ಳು ಬಾಯಿಪಾಠವಾಯಿತು. ಅವರಲ್ಲಿ ಅಂಥ ಸುಳ್ಳು ಹೇಳದೆ ಕರೆತಂದವರು ಒಬ್ಬರೂ ಇರಲಿಲ್ಲ. ಆದರೆ ಬಾಯಿಬಿಟ್ಟು ಹೇಳುವ ತಾಯಿ ಇದ್ದದ್ದು ಅವರಿಗೆ ಮಾತ್ರ.

ಬುಧವಾರ ಮಗನೇ ಬಂದಾಗ ಆಕೆ ಕಥೆ ಹೇಳುತ್ತಿರಲಿಲ್ಲ. "ಚೀಟಿ ಸಿಕ್ತೇನಪ್ಪ?" ಎಂದಷ್ಟೇ ಕೇಳುತ್ತಿದ್ದರು.

ಮುಯ್ಯಿ ತೆಳ್ಳಗಾಗತೊಡಗಿತು. ಒಬ್ಬರಿಗೆ ಸೊಪ್ಪು ಕೊಯ್ಯುವುದಿತ್ತು, ಇನ್ನೊಬ್ಬರ ಹಸು ಕರು ಹಾಕಿತ್ತು, ಟೀಚರಮ್ಮನಿಗೆ ಮೇಲಿನವರ ನೋಟಿಸು ಬಂತು. ಇಬ್ಬರ ಬದಲು ಒಬ್ಬರು, ಕೆಲವು ದಿನ ಯಾರೂ ಇಲ್ಲ. ನಾನೇ ವರದಿ ಬದಿಗಿಟ್ಟು ಕೂತೆ. ಒಂದು ಬುಧವಾರ ಜಂಗಮಕೋಟೆಯವರು ಸರದಿ ಮುಗಿಸಿ ನನ್ನ ಕೋಣೆಗೆ ಬಂದರು. ಕೂರಲಿಲ್ಲ. ಮಡಿಚಿದ ಕಾಗದವೊಂದನ್ನು ಮೇಜಿನ ಮೇಲಿಟ್ಟರು.

"ನಮ್ಮಮ್ಮಂಗೆ ಮಾತ್ರ ಮಾತ್ರೆ ಕೊಟ್ಬಿಡಿ ಮೇಡಂ."

"ಡಾಕ್ಟ್ರು ಏನು ಹೇಳಿದಾರೆ ಅಂತ ನಿಮಗೆ ಗೊತ್ತಿಲ್ವಾ?"

"ಗೊತ್ತು." ಅವರು ಕಾಗದವನ್ನು ಇನ್ನಷ್ಟು ನನ್ನತ್ತ ಸರಿಸಿದರು. "ನೆಮ್ಮದಿಯಾಗಿ ಮಲಗಿರ್ಲಿ ಅಂತ."

ಯಾರ ನೆಮ್ಮದಿ ಎಂದು ಕೇಳುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಇದನ್ನೆಲ್ಲ ಮೊದಲು ಕಂಡುಹಿಡಿದವರು ಅವರೇ. ಅವರ ಮೇಲೆ ನನಗೆ ಎಷ್ಟು ಸಿಟ್ಟು ಬಂತೋ ಅಷ್ಟೇ ಕನಿಕರವೂ ಬಂತು. ಆ ವಾರದಲ್ಲೇ ಇನ್ನೂ ಮೂರು ಕಾಗದ ಬಂದವು. ಒಂದು ಡೇರಿ ಕಾರ್ಯದರ್ಶಿಯದು. ನಾಲ್ಕರಲ್ಲೂ ಒಂದೇ ಮಾತು.

ಮ್ಯಾನೇಜರು ಅದಕ್ಕೇ ಕಾದಿದ್ದರು. ಟೈಪು ಮಾಡಿದ ಹಾಳೆಯೊಂದನ್ನು ನನ್ನ ಮುಂದೆ ಸರಿಸಿದರು. 'ಕುಟುಂಬ ಮಂಡಳಿಯ ಕೋರಿಕೆಯ ಮೇರೆಗೆ, ನಿವಾಸಿಗಳ ನೆಮ್ಮದಿಗಾಗಿ ಮಧ್ಯಾಹ್ನದ ಔಷಧಿಯನ್ನು ಮುಂದುವರಿಸಲು ನಿರ್ಣಯಿಸಲಾಯಿತು.' ಕೆಳಗೆ 'ಮಂಡಳಿಯ ಕಾರ್ಯದರ್ಶಿ' ಎಂದು ನನ್ನ ಸಹಿಗೆ ಜಾಗ. ಮುಂಚೆ ಮಾತ್ರೆಗೆ ಒಂದೊಂದು ಮನೆಯ ಸಹಿ ಇತ್ತು. ಈಗ ಹದಿನಾಲ್ಕು ಜನರನ್ನೂ ಒಂದೇ ಹಾಳೆಯಲ್ಲಿ ಮಲಗಿಸಬಹುದಿತ್ತು. ನಾನೇ ಕಟ್ಟಿದ ಮಂಡಳಿಯ ಮೊಹರು ಅದರ ಮೇಲೆ ಬೀಳುವುದಿತ್ತು.

"ತಪಾಸಣೆ ಗುರುವಾರ. ಸೈನ್ ಹಾಕಿ ಮೇಡಂ. ಮನೆಯವರೇ ಕೇಳ್ತಿದಾರೆ, ನಮ್ಮದೇನಿದೆ?" ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ಹಾಗೇ ನಂಬಿದ್ದರು.

ಏನು ಮಾಡಬೇಕೆಂದು ಗೊತ್ತಾದದ್ದು ಅಲ್ಲಿ ಕೂತಿದ್ದಾಗಲೇ. "ನಿರ್ಣಯ ಸಭೆಯಲ್ಲಿ ಆಗಬೇಕು ಸರ್. ಮಂಗಳವಾರ ಸಭೆ ಕರೀತೀನಿ. ಮಧ್ಯಾಹ್ನ ಮೂರಕ್ಕೆ, ವಾರ್ಡಿನೊಳಗೆ" ಎಂದೆ.

"ವಾರ್ಡಲ್ಲಾ? ಅವರ ಮುಂದೇನಾ?"

"ಅವರ ವಿಷಯ ತಾನೇ ಸರ್."

ಮಂಗಳವಾರ ಒಂಬತ್ತು ಮನೆಯವರೂ ಬಂದರು. ಅರ್ಧಗೋಡೆಯ ಎರಡೂ ಬದಿಗೆ ಬೆಂಚು ಹಾಕಿಸಿದ್ದೆ. ಯಾರೂ ಮಂಚದ ಕಡೆ ನೋಡುತ್ತಿರಲಿಲ್ಲ. ಆಚೆಯಿಂದ ಹಸು ಕರೆಯುವ ಕೂಗು ಬರುತ್ತಲೇ ಇತ್ತು. ಮ್ಯಾನೇಜರು ಹಾಳೆ ಹಿಡಿದು ಬಾಗಿಲಲ್ಲಿ ನಿಂತರು. ನಾನು ಎದ್ದು, "ನಿರ್ಣಯಕ್ಕೆ ಮುಂಚೆ ಒಂದು ಮಾತು. ಕಾಗದ ಕೊಟ್ಟವರು ಅದನ್ನು ಯಾರಿಗೆ ಸಂಬಂಧಿಸಿದ್ದೋ ಅವರಿಗೆ ಓದಿ ಹೇಳಬೇಕು" ಎಂದೆ. ಜಂಗಮಕೋಟೆಯವರ ಕಾಗದವನ್ನು ಅವರ ಕೈಗಿಟ್ಟೆ.

ಅವರು ತಾಯಿಯ ಮಂಚದ ಬಳಿ ಹೋಗಿ ಕಾಗದ ಬಿಚ್ಚಿದರು. ತಾಯಿ ಕೈ ಚಾಚಿ, "ಏನಪ್ಪ ಅದು? ಚೀಟಿನಾ?" ಎಂದರು. ಮಗ ಓದದೆ ಕಾಗದವನ್ನು ನನ್ನತ್ತ ನೀಡಿದರು. ನಾನೇ ಓದಿದೆ, ನಿಧಾನವಾಗಿ, ಒಂದಕ್ಷರ ಬಿಡದೆ. ಎಲ್ಲರೆದುರು ಅವರನ್ನು ಹೀಗೆ ನಿಲ್ಲಿಸಿದ್ದು ಸರಿಯೋ ತಪ್ಪೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಆಕೆ ಪೂರ್ತಿ ಕೇಳಿಸಿಕೊಂಡರು. ಮಗನ ಮುಖವನ್ನು ಬಹಳ ಹೊತ್ತು ನೋಡಿದರು. "ನಂಗ್ಯಾಕಮ್ಮ ನಿದ್ದೆ ಮಾತ್ರೆ? ನಿದ್ದೆಗೆಟ್ಟಿರೋನು ಅವ್ನು. ಕಣ್ಣು ನೋಡು, ಎಂಗಾಗೈತೆ. ಅವನಿಗೆ ಕೊಡು" ಎಂದರು. ಆಮೇಲೆ ಮಗನ ಮುಂಗೈ ಹಿಡಿದು, "ಮನೇಗ್ ಕರ್ಕೊಂಡ್ ಹೋಗು ಅಂತ ನಾನೇನ್ ಕೇಳ್ದೆನಾ? ಡಾಕ್ಟ್ರು ಅಂತ ಯಾಕಂದೆ, ಅಷ್ಟೇ" ಎಂದರು.

ಜಂಗಮಕೋಟೆಯವರು ನೆಲದ ಮೇಲೆ ಕುಸಿದು ಕೂತು, ತಾಯಿಯ ಹೊದಿಕೆಯಲ್ಲಿ ಮುಖ ಮುಚ್ಚಿಕೊಂಡರು. ಅಂಗನವಾಡಿ ಟೀಚರ್ ಎದ್ದು ಗಂಡನ ಮಂಚದ ಬಳಿ ಹೋದರು. ನಾನು ನಡಾವಳಿ ಪುಸ್ತಕ ತೆರೆದು ಆ ತಾಯಿಯ ಮಾತುಗಳನ್ನು ಹೇಳಿದ ಹಾಗೇ ಬರೆದು, ಕೆಳಗೆ ಅವರ ಹೆಬ್ಬೆಟ್ಟು ಒತ್ತಿಸಿಕೊಂಡೆ. ಟೈಪು ಮಾಡಿದ ನಿರ್ಣಯಕ್ಕೆ ಯಾರೂ ಕೈ ಎತ್ತಲಿಲ್ಲ. ನಾಲ್ಕರಲ್ಲಿ ಮೂರು ಕಾಗದ ಅವತ್ತೇ ವಾಪಸಾದವು. ಐದು ಗಂಟೆಗೆ ಗಂಜಿ ಬಂತು. ಜಂಗಮಕೋಟೆಯವರು ದಿಂಬು ಸರಿಮಾಡಿ, ಅರ್ಧರ್ಧ ಚಮಚ ಉಣಿಸಿದರು. ನಡುವೆ ಆಕೆ ಒಮ್ಮೆ ಕೆಮ್ಮಿದಾಗ ವಾರ್ಡಿಗೆ ವಾರ್ಡೇ ಉಸಿರು ಹಿಡಿಯಿತು. ಆಮೇಲೆ ನುಂಗಿದರು.

ವಾಪಸಾಗದೆ ಉಳಿದದ್ದು ಡೇರಿ ಕಾರ್ಯದರ್ಶಿಯ ಕಾಗದ. ಅವರು ಸಭೆ ಮುಗಿಯುವ ಮುಂಚೆ ಎದ್ದು ಹೋಗಿದ್ದರು. ಫೋನ್ ಮಾಡಿದರೆ, "ನಮ್ಮಪ್ಪಂಗೆ ಓದಿ ಹೇಳಿದ್ರೆ ಏನ್ ಗೊತ್ತಾಗುತ್ತೆ ಮೇಡಂ? ಗಂಟಲು ಹರ್ಕೊಂಡು ಕೂಗೋದು ನೋಡೋಕಾಗಲ್ಲ" ಎಂದರು. ಮನೆಯವರ ಒಪ್ಪಿಗೆ ಇದೆ, ನುಂಗಲು ತೊಂದರೆ ಇಲ್ಲ, ಕಡಿಮೆ ಪ್ರಮಾಣ ಎಂದು ಡಾಕ್ಟರೂ ಬರೆದುಕೊಟ್ಟರು. ಕಾಗದದ ಮೇಲೆ ಎಲ್ಲ ಸರಿಯಾಗಿತ್ತು. ಪ್ರಮಾಣಪತ್ರವೂ ಬಂತು. ನಮ್ಮ ಕುಟುಂಬ ಮಂಡಳಿ ಮಾದರಿ ಎಂದು ಅದರಲ್ಲಿ ಒಂದು ಸಾಲು ಬರೆದಿದ್ದಾರೆ.

ಈಗ ಮೂರು ಗಂಟೆಗೆ ಹೋದರೆ ವಾರ್ಡಿನಲ್ಲಿ ಸಂತೆಯ ಗದ್ದಲ. ಮುಯ್ಯಿ ಕುಂಟುತ್ತಾ ನಡೆಯುತ್ತಿದೆ. ಅರ್ಧಗೋಡೆಯಾಚೆ ಒಂದು ಮಂಚದಲ್ಲಿ ಮಾತ್ರ ಸದ್ದಿಲ್ಲ. ಮೊನ್ನೆ ಅದರ ಪಕ್ಕ ಹಾದು ಈಚೆಗೆ ಬಂದಾಗ ಜಂಗಮಕೋಟೆಯ ತಾಯಿ ನನ್ನ ಸೆರಗು ಹಿಡಿದು ನಿಲ್ಲಿಸಿದರು.

"ಬೀಗ್ರು ಯಾಕಮ್ಮ ಹಸ ಕೂಗ್ತಾ ಇಲ್ಲ?"

"ಮಲಗಿದ್ದಾರಮ್ಮ. ಮಾತ್ರೆ ಕೊಟ್ಟಿದ್ದಾರೆ."

"ಯಾರ್ ಕೊಡು ಅಂದೋರು?"

"ಅವರ ಮಗ."

ಆಕೆ ಗೋಡೆಯತ್ತ ನೋಡಿದರು. "ಬೀಗ್ರನ್ನ ಕೇಳಿದ್ರಾ?"

ಇಲ್ಲ ಎಂದೆ. ಆಕೆ ಸೆರಗು ಬಿಡಲಿಲ್ಲ.